ಹೊರನಾಡಿನಲ್ಲಿ ನೆರವಿನ ಪಾಠ

ಕಾಲೇಜಿನ ತರುಣರು ಕೆಲವು ತಿಂಗಳು ಪರದೇಶದಲ್ಲಿದ್ದು, ಎಚ್‌ಐವಿ ಸೋಂಕಿನೊಡನೆ ಬಾಳುವ ಎಳೆಯರ ನಡುವೆ ಕೆಲಸ ಕಲಿತು ಬರುವುದುಂಟು. ಅವರಿಂದ ಆಗಬೇಕಾದ ನೆರವು ಯಾವ ಬಗೆಯದು? ಜಿಂಬಾಬ್ವೆಯ ನಿದರ್ಶನವೊಂದನ್ನು ನೋಡೋಣ.

ಅಲ್ಲಿನ ಹರಾರೆ ನಗರದಲ್ಲಿ 2004ರಲ್ಲಿ ‘ಜ್ವಂದಿರಿ’ ಎಂಬ ಸೇವಾಕಾರ್ಯ ಮೊದಲಾಯಿತು. ಶೋನಾ ಭಾಷೆಯ ಈ ಮಾತಿಗೆ ‘ನಾನು ಇರುವಂತೆಯೇ’ ಎಂದರ್ಥ. ದಿನವೂ ತಪ್ಪದೆ ಮಾತ್ರೆ ನುಂಗಿದರೆ ರಕ್ತದಲ್ಲಿನ ವೈರಸ್ಸು ಪರೀಕ್ಷೆಗೂ ಸಿಕ್ಕದಷ್ಟು ಅಡಗುವುದು. ಹಾಗಿರುವವರೆಗೆ ಲೈಂಗಿಕ ಸಂಪರ್ಕದಿಂದ ಅದು ಮತ್ತೊಬ್ಬರಿಗೆ ಹರಡದು. ಆದರೆ ಹುಟ್ಟಿನಿಂದಲೇ ಸೋಂಕು ಪಡೆದು, ತಂದೆತಾಯಿಗಳನ್ನು ಕಳೆದುಕೊಂಡ ಹುಡುಗನು ನೆರೆಯವರ ಕಣ್ಣಿಗೆ ಅಂಜಿ ಮಾತ್ರೆಯನ್ನು ಬಚ್ಚಿಡುತ್ತಾನೆ, ಬೇಸತ್ತು ಬಿಟ್ಟೂಬಿಡುತ್ತಾನೆ. ಅಂಥವನ ಮನೆಗೆ ಹೋಗಿ ಧೈರ್ಯ ಹೇಳುವವರು ಅದೇ ಸೋಂಕುಳ್ಳ, ತರಬೇತಿ ಪಡೆದ, 18ರಿಂದ 24 ವರ್ಷದ ಸಂಗಾತಿಗಳು. ಬಿಂದುರಾ, ಶಾಂವಾ ಜಿಲ್ಲೆಗಳಲ್ಲಿ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ವಾಡಿಕೆಯ ಚಿಕಿತ್ಸೆಯಷ್ಟೇ ದೊರೆತವರಲ್ಲಿ ವೈರಸ್ಸು ಅಡಗದೆ ಉಳಿದವರೂ ಮಡಿದವರೂ ಸೇರಿ ನೂರಕ್ಕೆ 36; ಸಂಗಾತಿಗಳ ನೆರವಿದ್ದವರಲ್ಲಿ 25.

ಇದರಿಂದ ಹೊರಗಿನವರ ಸ್ಥಾನ ಯಾವುದೆಂಬುದು ತಿಳಿಯುತ್ತದೆ. ಮೂರು ತಿಂಗಳಿಗೆ ಹೊರಟುಹೋಗುವವರು ಆ ಹುಡುಗನ ಆಪ್ತರಾಗಲು ಹವಣಿಸಬಾರದು. ಅಗಲಿಕೆಯನ್ನು ಅವನು ಆಗಲೇ ಕಂಡಿದ್ದಾನೆ. ಸಂಗಾತಿಗಳಿಗೆ ಬೇಕಾದ ಪಾಠಗಳನ್ನು ಬರೆದು ಸಿದ್ಧಪಡಿಸುವುದು, ಲೆಕ್ಕಪತ್ರಗಳನ್ನು ಒಪ್ಪವಾಗಿಡುವುದು, ಅವರಿಂದ ಕಲಿಯುವುದು, ಇವು ನಿಲ್ಲುವ ಕೆಲಸಗಳು. ಅಲ್ಲಿ ಕಂಡ ಯಾರ ಹೆಸರನ್ನೂ ಚಿತ್ರವನ್ನೂ ಊರಿಗೆ ತರಲಾಗದು. ಮಕ್ಕಳನ್ನು ಕಳುಹಿಸುವ ಹಿರಿಯರು ಅವರು ಹೊರಡುವ ಮುನ್ನವೇ ಇಷ್ಟನ್ನು ತಿಳಿಸಿ ಹೇಳಬೇಕು.