ತುಂಟ ಎತ್ತನ್ನು ಕೊಳ್ಳಬಹುದೆ?
ಮಳವಳ್ಳಿ ಸೀಮೆಯ ಹಿಡುವಳಿದಾರರಿಗೂ ಗ್ರಾಮದ ಯಜಮಾನರಿಗೂ ಕೆಲವು ಸೂಚನೆಗಳು

ವ್ಯವಸಾಯಗಾರನು ಮಾಡುವ ವೆಚ್ಚಗಳಲ್ಲಿ ಎತ್ತಿನ ಬೆಲೆಯು ಅಲ್ಪವಾದುದಲ್ಲ. ಟ್ರಾಕ್ಟರು ಬಂದ ಮೇಲೆಯೂ ಮಳವಳ್ಳಿ ಸೀಮೆಯಲ್ಲಿ ಎತ್ತಿನ ಕೆಲಸವು ನಿಂತುಹೋಗಿಲ್ಲ. ರಾಗಿಯ ಸಾಲುಗಳ ನಡುವೆ ಕುಂಟೆ ಹೊಡೆಯುವುದಕ್ಕೂ, ನಾಲೆಯ ಕೆಳಗಿನ ಸಣ್ಣ ಗದ್ದೆಗಳನ್ನು ಉಳುವುದಕ್ಕೂ, ಹೊಲಕ್ಕೆ ಗೊಬ್ಬರ ಸಾಗಿಸುವುದಕ್ಕೂ ಎತ್ತನ್ನೇ ನಂಬಿರುವ ಮನೆಗಳುಂಟು. ಅಂಥ ಮನೆಯಲ್ಲಿ ಎತ್ತಿನ ಆಯ್ಕೆ ತಪ್ಪಿದರೆ ಒಂದು ವರ್ಷದ ಬೆಳೆಯೇ ಕೆಡಬಹುದು. ಮೈಕಟ್ಟು ಉತ್ತಮವಾಗಿದ್ದರೂ ಗುಣದಲ್ಲಿ ತುಂಟನೆಂದು ಹೆಸರಾದ ಎತ್ತನ್ನು, ಕಂಡವರೆಲ್ಲರೂ ಬೇಡವೆನ್ನುತ್ತಿರುವಾಗ, ಕೊಳ್ಳಬಹುದೆ ಎಂಬ ಪ್ರಶ್ನೆಯನ್ನು ಇಲ್ಲಿ ವಿಚಾರಿಸಿದೆ.

ಒಂದು ನಿದರ್ಶನವನ್ನು ಇಟ್ಟುಕೊಳ್ಳೋಣ. ಕಿರುಗಾವಲಿನ ಕಡೆಯ ರೈತನೊಬ್ಬನ ಜೊತೆ ಎತ್ತುಗಳಲ್ಲಿ ಒಂದು ಸತ್ತಿದೆ; ಉಳಿದುದು ಸಾಧುವಾದ ಹಳೆಯ ಎತ್ತು. ಅವನು ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ನಾಲ್ಕು ಹಲ್ಲಿನ ಹಳ್ಳಿಕಾರ್ ಹೋರಿಯೊಂದನ್ನು ನೋಡುತ್ತಾನೆ. ಎದೆ ಅಗಲ, ಗೊರಸು ಗಟ್ಟಿ, ನಡಿಗೆ ಹಗುರ. ಬೆಲೆಯೂ ಮೈಕಟ್ಟಿಗೆ ಕಡಮೆ. ದಳ್ಳಾಳಿಯು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ತಿಳಿಸುವಷ್ಟರಲ್ಲಿ ಜೊತೆಗೆ ಬಂದವರು ತಡೆಯುತ್ತಾರೆ. "ಹಾಯುತ್ತದಂತೆ" ಎಂದು ಒಬ್ಬನು. "ಸುಳಿ ಸರಿಯಿಲ್ಲ" ಎಂದು ಇನ್ನೊಬ್ಬನು. "ಇಷ್ಟು ಅಗ್ಗಕ್ಕೆ ಬಿಡುತ್ತಾರೆಂದರೆ ಏನೋ ಇರಬೇಕು" ಎಂದು ಮೂರನೆಯವನು. ಕೊಂಡರೆ ಮನೆಯ ಮಕ್ಕಳಿಗೆ ಅಪಾಯವಾದೀತೆಂಬ ಭಯ. ಬಿಟ್ಟರೆ ಈ ಹಣಕ್ಕೆ ಇಂಥ ರಾಸು ಮತ್ತೆ ಸಿಕ್ಕದೆಂಬ ಆಸೆ. ಈ ಸ್ಥಿತಿಯಲ್ಲಿ ಅವನು ಏನು ಮಾಡತಕ್ಕದ್ದು?

ಬಿರುಸು ಬೇರೆ, ದುರ್ಗುಣ ಬೇರೆ

ಇದಕ್ಕೆ ನಮ್ಮ ನಾಡಿನ ಅಮೃತಮಹಲ್ ರಾಸುಗಳೇ ಸಾಕ್ಷಿ. ಚಿಕ್ಕದೇವರಾಜ ಒಡೆಯರ (1673–1704) ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಹಳ್ಳಿಕಾರ್ ಮೊದಲಾದ ತಳಿಗಳಿಂದ ಬಂದ ಈ ರಾಸುಗಳು ವಿಶಾಲವಾದ ಕಾವಲುಗಳಲ್ಲಿ, ಮನುಷ್ಯರ ಬಳಕೆ ಹೆಚ್ಚಾಗಿಲ್ಲದೆ ಬೆಳೆದವು. ಆದುದರಿಂದ ಅವು ಬೆದರುವುವು, ಮೇಲೇರಿ ಬರುವುವು. ಪಳಗಿಸುವುದಕ್ಕೆ ಬಹಳ ತಾಳ್ಮೆ ಬೇಕು. ಪಳಗಿದ ಮೇಲೆ ಅವುಗಳ ನಡಿಗೆಗೂ ಸಹನೆಗೂ ಸಮನಾದುದಿರಲಿಲ್ಲ. ಹೈದರಾಲಿಯ ಸೈನ್ಯವು ಚಿದಂಬರದ ನೆರವಿಗೆ 2½ ದಿನಗಳಲ್ಲಿ 100 ಮೈಲಿ ನಡೆದುದು ಈ ಎತ್ತುಗಳ ಬಲದಿಂದಲೇ ಎಂದು ಮೈಸೂರು ಗ್ಯಾಸೆಟಿಯರು ಹೇಳುತ್ತದೆ. 1860ರಲ್ಲಿ ಖರ್ಚನ್ನು ಉಳಿಸುವುದಕ್ಕಾಗಿ ಸರ್ಕಾರವು ಈ ಹಿಂಡನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಅಂಥ ಎತ್ತುಗಳು ದೊರೆಯದೆ ಹಿಂಡನ್ನು ಪುನಃ ಕಟ್ಟಬೇಕಾಯಿತು.

ಆದಕಾರಣ ಬಿರುಸಾದ ರಾಸನ್ನು ನೋಡಿದೊಡನೆ ಕೆಟ್ಟದ್ದೆಂದು ತಳ್ಳಬಾರದು. ಆ ಬಿರುಸು ನೋವಿನದೋ, ಭಯದದೋ, ರೂಢಿಯಾಗಿ ಬೇರೂರಿದ ದುರ್ಗುಣವೋ ಎಂಬುದನ್ನು ಮೊದಲು ಕಂಡುಕೊಳ್ಳಬೇಕು.

ಪರೀಕ್ಷಿಸತಕ್ಕ ಅಂಶಗಳು

1. ಹಲ್ಲು. ದನಗಳಿಗೆ ಮುಂದಿನ ಹಲ್ಲುಗಳು ಕೆಳದವಡೆಯಲ್ಲಿ ಮಾತ್ರ ಎಂಟಿರುತ್ತವೆ. ಎರಡು ಹಲ್ಲು ಬಿದ್ದು ಹುಟ್ಟಿದ್ದರೆ ಸುಮಾರು ಎರಡು ಎರಡೂವರೆ ವರ್ಷ. ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕು ವರ್ಷ ದಾಟಿದೆಯೆಂದು ತಿಳಿಯಬೇಕು. ಎರಡು ನಾಲ್ಕು ಹಲ್ಲಿನ ಹೋರಿಯ ತುಂಟತನವು ತಿದ್ದಬಹುದಾದುದು. ಬಾಯಿಗೂಡಿ ವರ್ಷಗಳಾದ ಮೇಲೂ ತುಂಟನೆನಿಸಿದ ಎತ್ತಿನ ವಿಷಯದಲ್ಲಿ ಎಚ್ಚರಿಕೆ ಹೆಚ್ಚು ಬೇಕು.

2. ನೋವು. ಹೆಗಲಿನಲ್ಲಿ ಬಾವು ಅಥವಾ ಹುಣ್ಣಿದ್ದರೆ ನೊಗವನ್ನು ಕಂಡೊಡನೆ ಎತ್ತು ಹಿಂಜರಿಯುವುದು. ಮೂಗುದಾರದ ತೂತು ಹರಿದಿದೆಯೆ, ಲಾಳದ ಮೊಳೆ ಗೊರಸಿನ ಒಳಗೆ ಹತ್ತಿದೆಯೆ ಎಂಬುದನ್ನೂ ನೋಡಬೇಕು. ತಲೆಯನ್ನು ಒಂದು ಕಡೆಗೆ ವಾಲಿಸಿ, ಕೊಂಬನ್ನು ಮುಟ್ಟಗೊಡದೆ, ಒಂದೇ ಹೊಳ್ಳೆಯಿಂದ ಸೋರುತ್ತಿದ್ದರೆ ಅದು ಕೊಂಬಿನ ಕ್ಯಾನ್ಸರ್ ಆಗಿರಬಹುದು; ಪಶುವೈದ್ಯರಿಗೆ ತೋರಿಸದೆ ಕೊಳ್ಳಲೇಬಾರದು.

3. ಕಣ್ಣು. ಎರಡು ಪಕ್ಕಗಳಿಂದಲೂ ನಿಧಾನವಾಗಿ ಬಂದು ನೋಡಿರಿ. ಒಂದೇ ಪಕ್ಕದಲ್ಲಿ ಬೆದರಿದರೆ ಆ ಕಣ್ಣಿನಲ್ಲಿ ದೋಷವಿರಬಹುದು. ನೇರ ಬೆನ್ನ ಹಿಂದಿನದು ಯಾವ ದನಕ್ಕೂ ಕಾಣದು. ಹಿಂದಿನಿಂದ ಹೋಗಿ ಮುಟ್ಟಿ, ಒದೆಯಿತೆಂದು ದೂರುವುದು ನ್ಯಾಯವಲ್ಲ.

4. ಭಯ. ಗದ್ದಲ ಕಡಮೆಯಾದ ಬೆಳಗಿನ ಹೊತ್ತು ಪುನಃ ಹೋಗಿ ನೋಡಬೇಕು. ಕೋಲನ್ನು ಎತ್ತಿದಾಗ ಮಾತ್ರ ಕೆರಳಿ, ಬರಿಗೈಯಲ್ಲಿ ಮೇವು ಕೊಟ್ಟಾಗ ಮೂತಿ ಚಾಚುವ ರಾಸು ಪೆಟ್ಟು ತಿಂದು ಹೆದರಿದುದು, ಅದನ್ನು ತಿದ್ದಬಹುದು.

5. ನೊಗ. ನಿಂತ ರಾಸನ್ನು ನೋಡಿ ಹಣ ಕೊಡಬಾರದು. ಸಾಧುವಾದ ಎತ್ತಿನ ಜೊತೆಗೆ ಕಟ್ಟಿಸಿ, ಬರಿಯ ಗಾಡಿಯನ್ನು ಎಳೆಸಿ ನೋಡಬೇಕು.

ಹಿಂದೆ ಸರಿದ ಮನುಷ್ಯನನ್ನೂ ಅಟ್ಟಿಕೊಂಡು ಬಂದು ಹಾಯುವ ಎತ್ತು, ಬೇರೆ ಬೇರೆ ಯಜಮಾನರ ಕೈಯಲ್ಲಿಯೂ ಜನರನ್ನು ಗಾಯಪಡಿಸಿದ ಎತ್ತು, ನೋವಿಲ್ಲದೆ ಇದ್ದರೂ ನೊಗ ಹಾಕಿದೊಡನೆ ಮಲಗಿಬಿಡುವ ಎತ್ತು, ಇವು ಎಷ್ಟೇ ಅಗ್ಗವಾದರೂ ಬೇಡ.

ಇತರರ ಮಾತು

ಬೇಡವೆನ್ನುವವರನ್ನು ಶತ್ರುಗಳೆಂದೂ ತಿಳಿಯಬಾರದು, ಅವರ ಮಾತನ್ನು ಶಾಸ್ತ್ರವೆಂದೂ ತಿಳಿಯಬಾರದು. ಪ್ರತಿಯೊಬ್ಬನನ್ನೂ ಹೀಗೆ ಕೇಳಿರಿ: ನೀನು ಕಣ್ಣಾರೆ ಕಂಡೆಯಾ? ಎಲ್ಲಿ? ಆಗ ಹಗ್ಗವು ಯಾರ ಕೈಯಲ್ಲಿತ್ತು? ಕಂಡವನ ಒಂದು ಮಾತು ಕೇಳಿದವರ ಹತ್ತು ಮಾತಿಗಿಂತ ಹೆಚ್ಚಿನದು. ಸುಳಿಯನ್ನು ನೋಡಿ ನಿರ್ಣಯಿಸುವುದಕ್ಕಿಂತ ನೊಗಕ್ಕೆ ಕಟ್ಟಿ ನಿರ್ಣಯಿಸುವುದು ಲೇಸು. ಬೆಲೆ ಏಕೆ ಕಡಮೆ ಎಂಬ ಸಂದೇಹವು ಮಾತ್ರ ಯುಕ್ತವಾದುದು. ಮಾರುವವನಿಗೆ ಹಣದ ಅವಸರವೋ, ರಾಸಿನ ಮೇಲಿನ ಭಯವೋ ಎಂಬುದನ್ನು ಅವನ ಊರಿನವರಿಂದ ವಿಚಾರಿಸಬೇಕು.

ರಾಸನ್ನು ಪರೀಕ್ಷಿಸಿದಂತೆಯೇ ತನ್ನ ಮನೆಯನ್ನೂ ಪರೀಕ್ಷಿಸಬೇಕು. ಮೇವು ನೀರು ಇಡುವವರು ಹೆಂಗಸರು ಮಕ್ಕಳೇ ಆಗಿದ್ದರೆ, ದಿನವೂ ಒಬ್ಬನೇ ನಿಂತು ಪಳಗಿಸುವವನಿಲ್ಲದಿದ್ದರೆ, ಅಥವಾ ನಾಳೆಯೇ ಉಳುಮೆಗೆ ಹೂಡಬೇಕಾಗಿದ್ದರೆ, ಒಳ್ಳೆಯ ಬಿರುಸಿನ ಎತ್ತೂ ಆ ಮನೆಗೆ ತಕ್ಕದ್ದಲ್ಲ.

ಕೊಂಡ ಮೇಲೆ

ಮೊದಲ ವಾರ ಕೆಲಸವನ್ನು ಮಾಡಿಸದೆ, ಒಬ್ಬನೇ ಮೇವು ಹಾಕಿ, ಮೈ ತಿಕ್ಕಿ, ಹೆಸರಿಟ್ಟು ಕರೆಯಬೇಕು. ಮಕ್ಕಳು ಹೋಗದ ಕಡೆ, ಗಟ್ಟಿಯಾದ ಗೂಟಕ್ಕೆ ಕಟ್ಟಬೇಕು. ಎರಡನೆಯ ವಾರ ಹಳೆಯ ಎತ್ತಿನ ಜೊತೆಗೆ ಬರಿಯ ನೊಗ. ಆಮೇಲೆ ಬರಿಯ ಗಾಡಿ. ಅನಂತರ ಹದವಾದ ಹೊಲದಲ್ಲಿ ಅರ್ಧ ಗಂಟೆಯ ಉಳುಮೆ. ಬೆದರಿದಾಗ ಹೊಡೆಯದೆ ನಿಲ್ಲಿಸಬೇಕು. ಬೀಜ ಒಡೆಸುವುದಿದ್ದರೆ ಪಶುವೈದ್ಯರಿಂದಲೇ ಮಾಡಿಸಬೇಕು. ಅದರಿಂದ ಗುಣವು ಮರುದಿನವೇ ಮೆತ್ತಗಾಗುವುದಿಲ್ಲ.

ಮೇಲಿನ ನಿದರ್ಶನದ ರೈತನಿಗೆ ಸಾಧುವಾದ ಜೊತೆ ಎತ್ತಿದೆ. ಹೋರಿಗೆ ನಾಲ್ಕೇ ಹಲ್ಲು. ಮುಂಗಾರಿನ ಉಳುಮೆಗೆ ಕಾಲಾವಕಾಶವಿದೆ. ಮನೆಯಲ್ಲಿ ನಿಂತು ಪಳಗಿಸುವ ಒಬ್ಬನಿದ್ದು, ಮೇಲಿನ ಪರೀಕ್ಷೆಗಳಲ್ಲಿ ಹೋರಿಯು ತೇರ್ಗಡೆಯಾದರೆ ಅವನು ಧೈರ್ಯವಾಗಿ ಕೊಳ್ಳಬಹುದು. ಇವುಗಳಲ್ಲಿ ಒಂದು ತಪ್ಪಿದರೂ ಬಿಟ್ಟುಬರುವುದು ಅವಮಾನವಲ್ಲ.

ಗ್ರಾಮದ ಯಜಮಾನರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಒಂದು ಮಾತಿನಿಂದ ಊರಿನಲ್ಲಿ ರಾಸಿನ ಬೆಲೆ ಏರುವುದು, ಇಳಿಯುವುದು. ಕಾರಣವನ್ನು ಹೇಳದೆ ಬೇಡವೆನ್ನಬೇಡಿರಿ. ನಿಜವಾಗಿಯೂ ಹಾಯುವ ರಾಸನ್ನು, ಅದರ ದೋಷವನ್ನು ಮರೆಮಾಚಿ, ಪಕ್ಕದೂರಿನ ತಿಳಿಯದವನಿಗೆ ಮಾರುವುದಕ್ಕೂ ಅವಕಾಶ ಕೊಡಬೇಡಿರಿ.