ಗೋವಿನಜೋಳ: ಸಸಿ ಎಷ್ಟು, ಗೊಬ್ಬರ ಎಷ್ಟು?

ನಮ್ಮ ದರಿಬಡಚಿ ಇರುವ ಜತ್ತ ತಾಲೂಕು ಮೊದಲಿನಿಂದಲೂ ಬರಗಾಲದ ಸೀಮೆ. ಸಜ್ಜೆ, ಬಿಳಿಜೋಳಗಳೇ ಇಲ್ಲಿಯ ಹಳೆಯ ಆಸರೆ. ಬಾವಿಯಲ್ಲಿ ನೀರಿದ್ದವರೂ ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ದೊರೆತವರೂ ಗೋವಿನಜೋಳವನ್ನು ಬಿತ್ತುವರು. ನೆರೆಯ ಮರಾಠಿ ಬಂಧುಗಳು ಇದನ್ನೇ ಮಕಾ ಎನ್ನುವರು. ಕಾಳು ಪೇಟೆಗೆ, ಕಣಿಕೆ ದನಗಳಿಗೆ. ಆದ್ದರಿಂದ ಈ ಬೆಳೆ ಕೆಟ್ಟರೆ ಮನೆಯ ಖರ್ಚಿಗೂ ಗೋದಲಿಗೂ ಒಂದೇ ಸಲ ಪೆಟ್ಟು ಬೀಳುವದು.

ಬೀಜ ಹೆಚ್ಚಿದಷ್ಟು ತೆನೆ ಹೆಚ್ಚು, ಯೂರಿಯಾ ಹೆಚ್ಚಿದಷ್ಟು ಕಾಳು ಹೆಚ್ಚು ಎಂಬ ಎರಡು ನಂಬಿಕೆಗಳು ನಮ್ಮಲ್ಲಿ ಬೇರೂರಿವೆ. ಎರಡೂ ಒಂದು ಮಿತಿಯವರೆಗೆ ಮಾತ್ರ ನಿಜ.

ಎಲೆ ಹಸಿರಾಗಲು, ಕಾಳಿನಲ್ಲಿ ಸತ್ವ ತುಂಬಲು ಸಾರಜನಕ ಬೇಕು. ಅದು ಸಾಲದಾದಾಗ ಕೆಳಗಿನ ಎಲೆಗಳು ತುದಿಯಿಂದ ನಡುನರದಗುಂಟ ಹಳದಿಯಾಗುವವು. ಮಹಾರಾಷ್ಟ್ರದಲ್ಲಿ ನೀರಾವರಿ ಬೆಳೆಗೆ ಹೆಕ್ಟೇರಿಗೆ 120 ಕಿಲೋ ಸಾರಜನಕ, 60 ಕಿಲೋ ರಂಜಕ, 40 ಕಿಲೋ ಪೊಟ್ಯಾಶ್ ಕೊಡಲು ಹೇಳುವರು. ಸಾರಜನಕ ಎಕರೆಗೆ 48 ಕಿಲೋ ಆಯಿತು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿರುವದರಿಂದ ಇದು 45 ಕಿಲೋದ ಎರಡು ಚೀಲಕ್ಕಿಂತ ತುಸು ಹೆಚ್ಚು. ಡಿಎಪಿ ಕೊಟ್ಟಿದ್ದರೆ ಅದರಲ್ಲಿಯ ಸಾರಜನಕವನ್ನು ಇದರಲ್ಲಿ ಕಳೆಯತಕ್ಕದ್ದು.

ಇನ್ನು ಸಸಿಗಳ ಲೆಕ್ಕ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಸಸಿಯಿಂದ ಸಸಿಗೆ 20 ಸೆಂಟಿಮೀಟರ್ ಬಿಟ್ಟರೆ ಎಕರೆಗೆ ಸುಮಾರು 33,000 ಸಸಿಗಳು. ಒಂದೊಂದಕ್ಕೆ ಒಂದೂವರೆ ಗ್ರಾಮಿನಷ್ಟು ಸಾರಜನಕ ಪಾಲಿಗೆ ಬರುವದು. ಅದೇ ಹೊಲದಲ್ಲಿ 50,000 ಸಸಿಗಳು ನಿಂತರೆ ಒಂದು ಗ್ರಾಮೂ ದೊರೆಯದು. ಹಾಗಾದರೆ ಇನ್ನೊಂದು ಚೀಲ ಹಾಕೋಣವೆಂದರೆ, ಗೊಬ್ಬರವನ್ನು ಕೊಂಡು ತರಬಹುದು; ಬಿಸಿಲನ್ನೂ ನೀರನ್ನೂ ಕೊಂಡು ತರಲಾದೀತೆ?

ಇಕ್ಕಟ್ಟಿನಲ್ಲಿ ಬೆಳೆದ ಸಸಿಗಳು ಬೆಳಕಿಗಾಗಿ ಹೋರಾಡಿ ಸಣಕಲಾಗಿ ಎತ್ತರ ಬೆಳೆಯುವವು, ಗಾಳಿಗೆ ನೆಲಕ್ಕೊರಗುವವು. ಅದಕ್ಕಿಂತ ದೊಡ್ಡ ಹಾನಿ ಬೇರೊಂದಿದೆ. ಮೇಲಿನ ಗಂಡು ಹೂವು ಸಮಯಕ್ಕೆ ಪರಾಗ ಉದುರಿಸಿದರೂ ತೆನೆಯ ರೇಷ್ಮೆಯಂಥ ಎಳೆಗಳು ತಡವಾಗಿ ಹೊರಬೀಳುವವು. ಪರಾಗ ಸಿಗದ ಎಳೆಗೆ ಕಾಳಿಲ್ಲ. ತೆನೆ ಅರೆಬರೆ ತುಂಬುವದು. ಕೆಲವು ಗಿಡಗಳು ತೆನೆಯನ್ನೇ ಕೊಡವು. ಹೂಬಿಡುವ ಹೊತ್ತಿಗೆ ನೀರು ತಪ್ಪಿದರಂತೂ ಈ ನಷ್ಟ ಇಮ್ಮಡಿಸುವದು. ತೀರ ವಿರಳವಾದರೂ ಲಾಭವಿಲ್ಲ. ಬರಿದಾದ ಜಾಗವನ್ನು ಕಸ ಆಕ್ರಮಿಸುವದು.

ಸಾರಜನಕವನ್ನು ಒಮ್ಮೆಲೇ ಸುರಿಯಬಾರದು. ಬಿತ್ತುವಾಗ ಮೂರನೆಯ ಒಂದು ಪಾಲು, ಸುಮಾರು 30 ದಿನಕ್ಕೆ ಒಂದು ಪಾಲು, ಗಂಡು ಹೂವು ಬರುವ ಮುಂಚೆ ಉಳಿದ ಪಾಲು ಕೊಡುವದು ಯೋಗ್ಯ. ಮಣ್ಣಿನ ಮೇಲೆ ಚೆಲ್ಲಿ ಮುಚ್ಚದೆ ಬಿಟ್ಟ ಯೂರಿಯಾದ ಸತ್ವ ಗಾಳಿಯಲ್ಲಿ ಹಾರಿಹೋಗುವದು. ನೀರು ಅತಿಯಾದರೆ ಬೇರಿನ ಕೆಳಗಿಳಿಯುವದು. ಹದವಿದ್ದಾಗ ಸಾಲಿನ ಬದಿಗೆ ಹಾಕಿ ಮಣ್ಣು ಮುಚ್ಚಬೇಕು. ಮಳೆಯನ್ನೇ ನಂಬಿದವರು ಸಸಿಗಳ ಅಂತರವನ್ನು 30 ಸೆಂಟಿಮೀಟರಿಗೆ ಹೆಚ್ಚಿಸಿ ಗೊಬ್ಬರವನ್ನು ಕಡಿಮೆ ಮಾಡುವದು ಲೇಸು. ಆಗ ಎಕರೆಗೆ ಸುಮಾರು 22,000 ಸಸಿಗಳು ನಿಲ್ಲುವವು.

ಮೇವಿಗಾಗಿ ಬಿತ್ತುವವರು ಒತ್ತಾಗಿ ಬಿತ್ತಬಹುದು. ಆದರೆ ಹೆಚ್ಚು ಯೂರಿಯಾ ಉಂಡು ಮಳೆಯಿಲ್ಲದೆ ಬಾಡಿದ ಹಸಿಮೇವಿನ ಬುಡದಲ್ಲಿ ನೈಟ್ರೇಟ್ ಎಂಬ ಲವಣ ಕೂಡಿಕೊಳ್ಳುವದು. ಅದು ಮಿತಿಮೀರಿದರೆ ದನಗಳ ಪ್ರಾಣಕ್ಕೇ ಅಪಾಯ. ಇಂಥ ಮೇವನ್ನು ಹಸಿದ ದನಗಳ ಮುಂದೆ ಹಾಕಲೇಬಾರದು.

ಸಸಿಗಳು ಗೇಣುದ್ದವಾದಾಗ ಮಕ್ಕಳನ್ನು ಹೊಲಕ್ಕೆ ಕರೆದೊಯ್ದು 5 ಮೀಟರ್ ಸಾಲಿನಲ್ಲಿ ಎಣಿಸಲು ಹೇಳಿರಿ. ನೀರಾವರಿಯಲ್ಲಿ 25 ಸಸಿಗಳಿದ್ದರೆ ಸರಿ; ಹೆಚ್ಚಾದುದನ್ನು ಆಗಲೇ ಕೀಳಿಸಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ನಮ್ಮ ಸೀಮೆಯಲ್ಲಿ ನೀರೇ ಆ ಹಾಸಿಗೆ. ಬೀಜ ಗೊಬ್ಬರಗಳೆರಡೂ ಅದರ ಅಳತೆಯಲ್ಲಿರಬೇಕು.