ಕೆಡವುವುದೋ, ಉಳಿಸುವುದೋ? ಗೋಡೆಯನ್ನು ಕೇಳಿ ನೋಡೋಣ

ಮೈಸೂರಿನ ಚಿಕ್ಕ ಗಡಿಯಾರದ ಬಳಿಯಿಂದ ದೇವರಾಜ ಮಾರುಕಟ್ಟೆಯ ಒಳಗೆ ನೀವು ಹೋಗಿದ್ದೀರಾ? ಹೋಗಿದ್ದರೆ ಮಲ್ಲಿಗೆಯ ವಾಸನೆ, ವೀಳ್ಯದೆಲೆಯ ಕಟ್ಟುಗಳು, ಬಣ್ಣಬಣ್ಣದ ಕುಂಕುಮದ ರಾಶಿಗಳು ನಿಮಗೆ ನೆನಪಿರುತ್ತವೆ. ಅಲ್ಲಿನ ಗೋಡೆಗಳನ್ನು ನಿಂತು ನೋಡಿದವರು ಮಾತ್ರ ಕಡಿಮೆ. ಗೋಡೆ ಬಿದ್ದ ಮೇಲೆಯೇ ನಾವು ಅದರತ್ತ ನೋಡುವುದು.

2012ರ ಆಗಸ್ಟ್‌ನಲ್ಲಿ ಈ ಮಾರುಕಟ್ಟೆಯಿಂದ ಸ್ವಲ್ಪ ದೂರದಲ್ಲಿರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆಂದು 1892ರಲ್ಲಿ ಕಟ್ಟಿದ ಸಾಲು ಮಳಿಗೆಗಳು ಅವು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಭಾಗ ಬಿತ್ತು. ಆಗ ಅಲ್ಲಿ ನವೀಕರಣದ ಕೆಲಸವೇ ನಡೆಯುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಅದೇ ಊರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಸರದಿ.

ತಿಂಗಳುಗಳನ್ನು ಗಮನಿಸಿದಿರಾ? ಮೂರೂ ಮಳೆಯ ದಿನಗಳು. ಮೂರು ಘಟನೆಗಳಿಂದ ಏನನ್ನೂ ಸಾಧಿಸಿ ತೋರಿಸಲಾಗದು. ಆದರೂ ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕೆಂಬ ಸುಳಿವು ಇಲ್ಲಿದೆ.

ಕುಸಿತದ ನಂತರ ಎದ್ದ ವಾದವಿವಾದ ನಿಮಗೆ ತಿಳಿದದ್ದೇ. ಕಟ್ಟಡಗಳಿಗೆ ವಯಸ್ಸಾಯಿತು, ಕೆಡವಿ ಅದೇ ಶೈಲಿಯಲ್ಲಿ ಹೊಸದಾಗಿ ಕಟ್ಟೋಣ ಎಂದರು ಕೆಲವರು. ದುರಸ್ತಿ ಮಾಡಿ ಉಳಿಸಬಹುದು ಎಂದರು ಪಾರಂಪರಿಕ ಕಟ್ಟಡಗಳ ತಜ್ಞರು. ಕೆಡವಿ ಕಟ್ಟುವ ನಿರ್ಧಾರಕ್ಕೆ 2023ರಲ್ಲಿ ಉಚ್ಚ ನ್ಯಾಯಾಲಯದ ಒಪ್ಪಿಗೆಯೂ ದೊರೆಯಿತು. ಯಾರು ಗೆದ್ದರು ಎಂಬುದು ಈ ಲೇಖನದ ವಿಷಯವಲ್ಲ. ಕಟ್ಟಡಕ್ಕೆ ‘ವಯಸ್ಸಾಯಿತು’ ಎನ್ನುವ ಮಾತಿಗೆ ವಿಜ್ಞಾನದಲ್ಲಿ ಏನರ್ಥ? ಇಂಥ ವಿವಾದ ಇನ್ನೂ ಎಷ್ಟೋ ಊರುಗಳಲ್ಲಿ ಬರಲಿರುವುದರಿಂದ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಎಲೆಗೆ ಹಚ್ಚುವ ಸುಣ್ಣ, ಗೋಡೆ ಹಿಡಿಯುವ ಸುಣ್ಣ

ನೂರು ವರ್ಷಗಳ ಹಿಂದಿನ ಈ ಗೋಡೆಗಳಲ್ಲಿ ಇಟ್ಟಿಗೆಗಳನ್ನು ಹಿಡಿದಿರುವುದು ಸಿಮೆಂಟಲ್ಲ, ಸುಣ್ಣದ ಗಾರೆ. ಮಾರುಕಟ್ಟೆಯಲ್ಲಿ ವೀಳ್ಯದೆಲೆಯ ಜೊತೆಗೆ ಮಾರುವ ಸುಣ್ಣವೂ ಇದೂ ಒಂದೇ ವಸ್ತು. ಸುಣ್ಣದ ಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರಿಂದ ಕಾರ್ಬನ್ ಡೈಆಕ್ಸೈಡ್ ಹೊರಟು ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟುತ್ತಾ, ಬಿಸಿಯಾಗಿ ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳು, ಕೆಲವೆಡೆ ಇಟ್ಟಿಗೆಯ ಪುಡಿಯಾದ ಸುರ್ಕಿ ಸೇರಿಸಿ ಗಾಣದಲ್ಲಿ ಅರೆದರೆ ಗಾರೆ ಸಿದ್ಧ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸುವ ರೂಢಿಯೂ ಇತ್ತು.

ಈ ಗಾರೆ ಗಟ್ಟಿಯಾಗುವ ಬಗೆಯನ್ನು ನೀವು ಶಾಲೆಯಲ್ಲಿ ನೋಡಿಯೇ ಇದ್ದೀರಿ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದಲ್ಲವೆ? ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದೊಂದಿಗೆ ಸೇರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದರಿಂದ ಹೀಗಾಗುತ್ತದೆ. ಗೋಡೆಯಲ್ಲಿ ನಡೆಯುವುದೂ ಇದೇ ಕ್ರಿಯೆ. ಗಾರೆ ಗಾಳಿಯಿಂದ ಅನಿಲವನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತಾ ಹೋಗುತ್ತದೆ. ದಪ್ಪ ಗೋಡೆಯ ಒಳಭಾಗದವರೆಗೆ ಈ ಕ್ರಿಯೆ ತಲುಪಲು ವರ್ಷಗಳೇ ಬೇಕು. ಅಂದರೆ ಸುಣ್ಣದ ಗೋಡೆ, ಒಣಗಿಯೇ ಇದ್ದಲ್ಲಿ, ವಯಸ್ಸಾದಂತೆ ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಕೂದಲೆಳೆಯಂಥ ಬಿರುಕು ಬಂದರೆ, ಅಲ್ಲಿಗೆ ಇಳಿದ ತುಸು ನೀರಿನಲ್ಲಿ ಉಳಿಕೆ ಸುಣ್ಣ ಕರಗಿ, ಬಿರುಕಿನಲ್ಲಿಯೇ ಮತ್ತೆ ಹರಳುಗಟ್ಟಿ ಅದನ್ನು ಮುಚ್ಚುವುದೂ ಉಂಟು.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಘನ ಮೀಟರ್ ಇಟ್ಟಿಗೆ ಗೋಡೆಯ ತೂಕ ಸುಮಾರು 1900 ಕಿಲೋಗ್ರಾಂ. 10 ಮೀಟರ್ ಎತ್ತರದ ಗೋಡೆಯ ಬುಡದಲ್ಲಿ, ಗೋಡೆಯ ಸ್ವಂತ ತೂಕದಿಂದ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1.9 ಕಿಲೋಗ್ರಾಂ. ನಮ್ಮ ಮಾನಕಗಳ ಪ್ರಕಾರ ಅತಿ ಕೆಳದರ್ಜೆಯ ಇಟ್ಟಿಗೆಯೂ ಚದರ ಸೆಂಟಿಮೀಟರಿಗೆ 35 ಕಿಲೋಗ್ರಾಂ ತಡೆಯಬೇಕು. ಗಾರೆ ಸೇರಿದ ಗೋಡೆಯ ಬಲ ಬಿಡಿ ಇಟ್ಟಿಗೆಯದಕ್ಕಿಂತ ಹಲವು ಪಟ್ಟು ಕಡಿಮೆ, ನಿಜ. ಚಾವಣಿಯ ಭಾರವೂ ಸೇರುತ್ತದೆ. ಆದರೂ ಹಳೆಯ ದಪ್ಪ ಗೋಡೆಗಳು ಸಾಮಾನ್ಯವಾಗಿ ತಮ್ಮ ಶಕ್ತಿಯ ಒಂದು ಪಾಲನ್ನಷ್ಟೇ ಬಳಸುತ್ತಿರುತ್ತವೆ. ಹಾಗಿದ್ದ ಮೇಲೆ ಅವು ಬೀಳುವುದೇಕೆ?

ಶತ್ರು ಚಾವಣಿಯಿಂದ ಇಳಿಯುತ್ತದೆ

ಆ ಕಾಲದ ಅನೇಕ ಕಟ್ಟಡಗಳಿಗೆ ‘ಮದ್ರಾಸ್ ತಾರಸಿ’ ಹಾಕಿರುತ್ತಾರೆ. ತೇಗದ ತೊಲೆಗಳು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಕಟ್ಟಿದ ಪದರ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಪದರ. ತಾರಸಿಯ ನೀರು ಹೊರಹೋಗುವ ಕೊಳವೆಗೆ ಎಲೆಕಸ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ, ಇಂಗುತ್ತದೆ, ಕೊನೆಗೆ ತೊಲೆಯ ತುದಿ ಗೋಡೆಯೊಳಗೆ ಕುಳಿತಿರುವ ಜಾಗಕ್ಕೆ ಬರುತ್ತದೆ. ಅಲ್ಲಿ ಗಾಳಿಯಾಡುವುದಿಲ್ಲ. ಮರದ ತೇವಾಂಶ ಶೇಕಡಾ 20ನ್ನು ಮೀರಿದರೆ ಬೂಷ್ಟಿಗೆ ಹಬ್ಬ. ಕೆಳಗೆ ನಿಂತು ನೋಡುವವರಿಗೆ ತೊಲೆ ದುಂಡಗೆ, ಗಟ್ಟಿಯಾಗಿಯೇ ಕಾಣುತ್ತದೆ. ಗೋಡೆಯೊಳಗಿನ ಅದರ ತುದಿ ಮಾತ್ರ ನೆನೆದ ರೊಟ್ಟಿಯಂತಾಗಿರುತ್ತದೆ.

ಚಾವಣಿ ಸೋರಿದಾಗ ನಾವು ಮಾಡುವುದೇನು? ಮೇಲೊಂದು ಸಿಮೆಂಟಿನ ಪದರ. ಮತ್ತೆ ಸೋರಿದರೆ ಇನ್ನೊಂದು. 5 ಸೆಂಟಿಮೀಟರ್ ದಪ್ಪದ ಪದರಕ್ಕೆ ಚದರ ಮೀಟರಿಗೆ ಸುಮಾರು 110 ಕಿಲೋಗ್ರಾಂ ತೂಕ. 30 ಚದರ ಮೀಟರಿನ ಒಂದು ಮಳಿಗೆಯ ಮೇಲೆ ಹೀಗೆ 3300 ಕಿಲೋಗ್ರಾಂ ಹೊಸ ಭಾರ ಬೀಳುತ್ತದೆ. ತುದಿ ಕೊಳೆತ ತೊಲೆಯ ಮೇಲೆ ಮೂರು ಕಾರುಗಳನ್ನು ನಿಲ್ಲಿಸಿದಂತೆ!

ಗೋಡೆಗೆ ಮಾಡುವ ಉಪಚಾರವೂ ಇಂಥದ್ದೇ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟ್ ಅದ್ಭುತ ವಸ್ತು, ಸಂದೇಹವಿಲ್ಲ. ಆದರೆ ಸುಣ್ಣದ ಗೋಡೆಗೆ ಅದು ಒಳ್ಳೆಯ ನೆರೆಯಲ್ಲ. ಸುಣ್ಣದ ಗೋಡೆ ನೆಲದಿಂದ, ಮಳೆಯಿಂದ ತೇವವನ್ನು ಹೀರಿ ಬಿಸಿಲಿಗೆ ಅದನ್ನು ಆವಿಯಾಗಿ ಬಿಟ್ಟುಕೊಡುತ್ತದೆ. ಹೊರಗೆ ಸಿಮೆಂಟಿನ ಗಿಲಾವು ಬಂದರೆ ಆವಿಗೆ ದಾರಿಯಿಲ್ಲ. ತೇವ ಒಳಗೇ ಉಳಿಯುತ್ತದೆ, ಅದರಲ್ಲಿ ಕರಗಿದ ಲವಣಗಳು ಗಿಲಾವಿನ ಹಿಂದೆ ಹರಳುಗಟ್ಟಿ ಹಿಗ್ಗುತ್ತವೆ, ಇಟ್ಟಿಗೆ ಪುಡಿಪುಡಿಯಾಗುತ್ತದೆ. ನಮ್ಮ ಊರಿನ ಹಳೆಯ ಮನೆಯಲ್ಲಿ ಉಪ್ಪು ಹಿಡಿದ ನಡುಮನೆಯ ಗೋಡೆಗೆ ನಾವೇ ಮುತುವರ್ಜಿಯಿಂದ ಸಿಮೆಂಟ್ ಬಳಿಸಿದೆವು. ಮೂರನೆಯ ಮಳೆಗಾಲಕ್ಕೆ ಗಿಲಾವು ಹಲಗೆಯಂತೆ ಕಳಚಿ ಬಿತ್ತು. ಅದರ ಬೆನ್ನಿಗೆ ಅರ್ಧ ಇಂಚು ಇಟ್ಟಿಗೆಯೂ ಅಂಟಿಕೊಂಡು ಬಂದಿತ್ತು. ಗಾರೆ ಯಾವಾಗಲೂ ಇಟ್ಟಿಗೆಗಿಂತ ಮೆದುವಾಗಿರಬೇಕು ಎಂದು ಗಾರೆ ಕೆಲಸದವರು ಹೇಳುವುದರ ಅರ್ಥ ನನಗೆ ಆಗ ತಿಳಿಯಿತು. ಬಿರುಕು ಗಾರೆಯಲ್ಲಿ ಬಂದರೆ ಗಾರೆ ಬದಲಿಸಬಹುದು, ಇಟ್ಟಿಗೆಯಲ್ಲಿ ಬಂದರೆ ಗೋಡೆಯನ್ನೇ ಬದಲಿಸಬೇಕು.

ಇನ್ನು ಕಮಾನುಗಳು. ಸಾಲು ಕಮಾನಿನ ಕಟ್ಟಡದಲ್ಲಿ ಪ್ರತಿ ಕಮಾನೂ ಪಕ್ಕದ ಕಂಬವನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಆಚೆಗಿನ ಕಮಾನು ಈಚೆಗೆ ತಳ್ಳಿ ಸರಿದೂಗಿಸುತ್ತದೆ. ಒಂದು ಕಂಬ ಜಾರಿದರೆ ಈ ಒಪ್ಪಂದ ಮುರಿದು ಕುಸಿತ ಸಾಲಾಗಿ ಸಾಗಬಹುದು. ಮಳಿಗೆಯನ್ನು ಅಗಲ ಮಾಡಲು ಕಂಬವನ್ನು ಕೆತ್ತುವುದು, ಕಮಾನಿನ ಕೆಳಗೆ ರೋಲಿಂಗ್ ಷಟರಿಗೆಂದು ಗೋಡೆ ಕೊರೆಯುವುದು ಎಷ್ಟು ಅಪಾಯಕಾರಿ ಎಂಬುದನ್ನು ನೀವೇ ಊಹಿಸಬಹುದು. ದುರಸ್ತಿಗೆಂದು ಬಂದವರು ಆಸರೆ ಕೊಡದೆ ಒಂದು ಭಾಗ ಬಿಚ್ಚಿದರೂ ಅಷ್ಟೇ.

ಗೋಡೆಯನ್ನು ಕೇಳುವ ವಿಧಾನ

ಹಾಗಾದರೆ ಒಂದು ಗೋಡೆ ಉಳಿಯುತ್ತದೆಯೋ ಇಲ್ಲವೋ ಎಂದು ಹೇಗೆ ತಿಳಿಯುವುದು? ಕಣ್ಣಳತೆ ಸಾಲದು. ಕಾಂಕ್ರೀಟಿನ ಬಲ ನೋಡಲು ಬಳಸುವ ಪುಟಿಸುತ್ತಿಗೆ ಮೆದು ಗಾರೆಯ ಗೋಡೆಯ ಮೇಲೆ ಸರಿಯಾದ ಉತ್ತರ ಕೊಡುವುದಿಲ್ಲ. ಇಲ್ಲಿ ಬಳಸುವ ಒಂದು ಸೊಗಸಾದ ವಿಧಾನ ‘ಫ್ಲ್ಯಾಟ್ ಜ್ಯಾಕ್’. ಗೋಡೆಯ ಮೇಲೆ ಒಂದು ಸಾಲಿನ ಮೇಲೂ ಕೆಳಗೂ ಎರಡು ಗುರುತು ಮಾಡಿ ನಡುವಿನ ದೂರವನ್ನು ಸೂಕ್ಷ್ಮವಾಗಿ ಅಳೆಯುತ್ತಾರೆ. ನಂತರ ನಡುವಿನ ಗಾರೆಯ ಸಾಲನ್ನು ಮಾತ್ರ ಕೊರೆದು ತೆಗೆಯುತ್ತಾರೆ. ಮೇಲಿನ ಭಾರಕ್ಕೆ ಆ ಸೀಳು ಕೂದಲಿನಷ್ಟು ಮುಚ್ಚಿಕೊಳ್ಳುತ್ತದೆ, ಗುರುತುಗಳು ಹತ್ತಿರವಾಗುತ್ತವೆ. ಈಗ ಸೀಳಿನೊಳಗೆ ತೆಳುವಾದ ಲೋಹದ ಚೀಲವೊಂದನ್ನು ತೂರಿಸಿ ಎಣ್ಣೆ ತುಂಬಿ ಒತ್ತಡ ಹೆಚ್ಚಿಸುತ್ತಾ ಹೋದರೆ, ಒಂದು ಹಂತದಲ್ಲಿ ಗುರುತುಗಳು ಮೊದಲಿನ ದೂರಕ್ಕೆ ಮರಳುತ್ತವೆ. ಆ ಒತ್ತಡದಿಂದ, ಚೀಲದ ಗಡಸುತನಕ್ಕೂ ಅಳತೆಗೂ ತಕ್ಕ ತಿದ್ದುಪಡಿ ಮಾಡಿದರೆ, ಗೋಡೆ ಅಲ್ಲಿ ಹೊತ್ತಿರುವ ಭಾರ ತಿಳಿಯುತ್ತದೆ. ಒಂದರ ಮೇಲೊಂದು ಎರಡು ಸೀಳು ಮಾಡಿ ನಡುವಿನ ಭಾಗವನ್ನು ಒತ್ತಿದರೆ ಗೋಡೆ ಇನ್ನೆಷ್ಟು ತಾಳೀತೆಂಬ ಅಂದಾಜೂ ಸಿಗುತ್ತದೆ. ಪರೀಕ್ಷೆ ಮುಗಿದ ಮೇಲೆ ಚೀಲ ತೆಗೆದು ಗಾರೆ ತುಂಬಿದರಾಯಿತು.

ತೊಲೆಯೊಳಗೆ ಸೂಜಿಯಂಥ ಕೊರಕವನ್ನು ಇಳಿಸಿ ಅದಕ್ಕೆ ಸಿಗುವ ಪ್ರತಿರೋಧದಿಂದ ಕೊಳೆತ ಭಾಗವನ್ನು ಗುರುತಿಸುವುದು, ಶಾಖಚಿತ್ರದಲ್ಲಿ ತೇವದ ಜಾಡು ಹಿಡಿಯುವುದು, ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸುವುದು ಇವೆಲ್ಲವೂ ಇವೆ. ಎಲ್ಲಕ್ಕಿಂತ ಅಗ್ಗದ್ದು ಗಾಜಿನ ಪಟ್ಟಿ. ಬಿರುಕಿಗೆ ಅಡ್ಡಲಾಗಿ ಅದನ್ನು ಗಾರೆಯಿಂದ ಅಂಟಿಸಿ ದಿನಾಂಕ ಬರೆದಿಡಿ. ಗಾಜು ಒಡೆದರೆ ಬಿರುಕು ಜೀವಂತವಾಗಿದೆ. ವರ್ಷವಾದರೂ ಒಡೆಯದಿದ್ದರೆ ಅದು ಬಹುಶಃ ಎಂದೋ ನಿಂತುಹೋದ ಹಳೆಯ ಗಾಯ.

ಇಂಥ ಪರೀಕ್ಷೆಗಳಾದ ಮೇಲೆ ಕೆಲವು ಭಾಗಗಳನ್ನು ಕೆಡವಲೇಬೇಕೆಂದು ತಿಳಿಯಬಹುದು. ಆಗ ಕೆಡವಬೇಕು, ಕೆಳಗೆ ಕೂತು ವ್ಯಾಪಾರ ಮಾಡುವವರ ಜೀವಕ್ಕಿಂತ ಯಾವ ಕಮಾನೂ ದೊಡ್ಡದಲ್ಲ. ಅನುಮಾನ ಬಂದ ದಿನವೇ ಆಸರೆ ಕೊಟ್ಟು ಜನರನ್ನು ತೆರವು ಮಾಡುವುದು ಮೊದಲ ಕೆಲಸ, ಪರೀಕ್ಷೆ ಆನಂತರ. ಆದರೆ ಒಂದು ತುದಿ ಬಿದ್ದಿತೆಂದು ಉಳಿದ ಮುಕ್ಕಾಲು ಭಾಗಕ್ಕೂ ಅದೇ ತೀರ್ಪು ಕೊಡುವುದು, ಒಂದು ಹಲ್ಲು ಹುಳುಕಾಯಿತೆಂದು ಬಾಯಿಯ ಹಲ್ಲನ್ನೆಲ್ಲ ಕೀಳಿಸಿದಂತೆ.

ಹೊಸದಕ್ಕೆ ಜಾಗ ಎಲ್ಲಿ?

ಇಂದಿನ ಮಾರುಕಟ್ಟೆಗೆ ಶೌಚಾಲಯ ಬೇಕು, ಬೆಂಕಿ ಬಿದ್ದರೆ ಓಡಲು ದಾರಿ ಬೇಕು, ಸುರಕ್ಷಿತ ವಿದ್ಯುತ್ ಬೇಕು, ಲಾರಿ ನಿಲ್ಲಲು ಜಾಗ ಬೇಕು. ಇವು ನ್ಯಾಯವಾದ ಬೇಡಿಕೆಗಳೇ. ಇವನ್ನೆಲ್ಲ ಹಳೆಯ ಗೋಡೆಯ ಮೇಲೆ ಹೇರಿದಾಗ ತೊಂದರೆ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾದಾಗ ಹಿಡಿದ ದಾರಿ ಬೇರೆ. ಹಳೆಯ ಬಂಗಲೆ ಹಾಗೆಯೇ ಉಳಿಯಿತು, ಹೊಸ ಗ್ಯಾಲರಿ ಬ್ಲಾಕ್ ಅದರ ಪಕ್ಕದಲ್ಲಿ ತನ್ನದೇ ಅಡಿಪಾಯದ ಮೇಲೆ, ತನ್ನದೇ ಕಾಲದ ರೂಪದಲ್ಲಿ ಎದ್ದಿತು. ಹೊಸ ಸೇರ್ಪಡೆ ಹೊಸದೆಂದೇ ಕಾಣಬೇಕು ಎಂದು 1964ರ ವೆನಿಸ್ ಸನ್ನದು ಹೇಳುತ್ತದೆ. 1860ರ ದಶಕದಲ್ಲಿ ಕಟ್ಟಿದ, ಉಚ್ಚ ನ್ಯಾಯಾಲಯವಿರುವ ಬೆಂಗಳೂರಿನ ಅಠಾರ ಕಚೇರಿಯನ್ನೇ 1980ರ ದಶಕದಲ್ಲಿ ಕೆಡವುವ ಪ್ರಸ್ತಾಪವಿತ್ತು. ನಾಗರಿಕರು ವಿರೋಧಿಸಿದರು. ಕಟ್ಟಡ ಇಂದಿಗೂ ನಿಂತಿದೆ. ಬೇಕಾದ ಹೆಚ್ಚಿನ ಜಾಗವನ್ನು ಹಿಂಭಾಗದಲ್ಲಿ ಕಟ್ಟಿಕೊಳ್ಳಲಾಯಿತು.

ಪಕ್ಕದಲ್ಲಿ ಕಟ್ಟುವಾಗಲೂ ಎಚ್ಚರ ಬೇಕು. ಹಳೆಯ ಅಡಿಪಾಯಗಳು ಹೆಚ್ಚು ಆಳವಿರುವುದಿಲ್ಲ. ವಾಹನ ನಿಲುಗಡೆಯ ನೆಲಮಾಳಿಗೆಗೆಂದು ಅದಕ್ಕಿಂತ ಆಳಕ್ಕೆ ಪಕ್ಕದಲ್ಲೇ ಅಗೆದರೆ ಹಳೆಯ ಗೋಡೆಯ ಕೆಳಗಿನ ಮಣ್ಣಿಗೆ ಬದಿಯ ಆಸರೆ ತಪ್ಪುತ್ತದೆ.

‘ಅದೇ ಶೈಲಿಯಲ್ಲಿ’ ಕಾಂಕ್ರೀಟಿನಿಂದ ಕಟ್ಟಿದರೇನು ತಪ್ಪು ಎಂದು ನೀವು ಕೇಳಬಹುದು. ಕಣ್ಣಿಗೆ ತಪ್ಪೇನೂ ಕಾಣದು. ಆದರೆ ಆಯುಸ್ಸಿನ ಲೆಕ್ಕ ಬೇರೆ. ಸುಣ್ಣವನ್ನು ಕಲ್ಲಾಗಿಸಿದ ಅದೇ ಕಾರ್ಬನ್ ಡೈಆಕ್ಸೈಡ್ ಕಾಂಕ್ರೀಟಿನೊಳಕ್ಕೂ ನುಸುಳುತ್ತದೆ. ಕಾಂಕ್ರೀಟಿನ ತೀವ್ರ ಕ್ಷಾರಗುಣವೇ ಒಳಗಿನ ಉಕ್ಕಿನ ಸರಳಿಗೆ ತುಕ್ಕಿನಿಂದ ರಕ್ಷೆ. ಅನಿಲ ಆ ಕ್ಷಾರತೆಯನ್ನು ಕುಂದಿಸುತ್ತದೆ. 12.5ಕ್ಕೂ ಮೇಲಿದ್ದ ಪಿಎಚ್ 9ರ ಆಸುಪಾಸಿಗೆ ಇಳಿದರೆ ರಕ್ಷೆ ಹೋಗಿ, ತೇವ ತಗುಲಿದಲ್ಲಿ ಸರಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟನ್ನು ಸೀಳುತ್ತದೆ. ನೀರಿನ ಕೊಳವೆ ಕಟ್ಟಿಕೊಂಡ ತಾರಸಿ ಹೊಸ ಕಟ್ಟಡದಲ್ಲಿದ್ದರೂ ಫಲ ಅದೇ. ಜೊತೆಗೆ ಜಗತ್ತಿನಲ್ಲಿ ಮನುಷ್ಯರಿಂದಾಗುವ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇಕಡಾ 7–8 ಭಾಗ ಸಿಮೆಂಟ್ ತಯಾರಿಕೆಯದು ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು. ನಿಂತಿರುವ ಗೋಡೆಗೆ ಸುಟ್ಟ ಸೌದೆಯ ಹೊಗೆ ಎಂದೋ ಕರಗಿಹೋಗಿದೆ.

ನಿಮ್ಮ ಊರಿನಲ್ಲಿಯೂ ಒಂದು ಹಳೆಯ ಶಾಲೆಯೋ, ಛತ್ರವೋ, ತಾಲ್ಲೂಕು ಕಚೇರಿಯೋ ಇದ್ದೀತು. ಜೂನ್‌ಗೆ ಮೊದಲು ಒಮ್ಮೆ ಅದರ ಸುತ್ತ ನಡೆದು ಬನ್ನಿ. ತಾರಸಿಯ ಕೊಳವೆಯ ಕೆಳಗಿನ ಗೋಡೆಯಲ್ಲಿ ಹಸಿರು ಪಾಚಿಯ ಪಟ್ಟೆಯಿದೆಯೇ, ಕೈಪಿಡಿ ಗೋಡೆಯ ಸಂದಿನಲ್ಲಿ ಅರಳಿಯ ಸಸಿ ಎದ್ದಿದೆಯೇ, ಗಿಲಾವಿನ ಮೇಲೆ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ ನೋಡಿ. ಪಾಚಿಯ ಪಟ್ಟೆ ಕಂಡರೆ, ಏಣಿ ಹಾಕಿಸಿ ಕೊಳವೆಯ ಬಾಯಿಂದ ಎಲೆ ತೆಗೆಸಲು ಸಂಬಂಧಪಟ್ಟವರಿಗೆ ಹೇಳಿ. ಅರ್ಧ ದಿನದ ಕೂಲಿಯ ಕೆಲಸ ಅದು.